ಕೀರ್ ಹಾರ್ಡಿಯೂ ಮಧ್ಯ ಲಾನಾರ್ಕಿನ ಚುನಾವಣೆಯೂ

ಸ್ಕಾಟ್ಲೆಂಡ್ ದೇಶದಲ್ಲಿ, ಗ್ಲಾಸ್ಗೋ ಪಟ್ಟಣದ ಆಗ್ನೇಯಕ್ಕೆ, ಕ್ಲೈಡ್ ನದಿಯ ಎರಡು ದಡಗಳಲ್ಲಿಯೂ ಹಬ್ಬಿಕೊಂಡಿರುವ ಸೀಮೆಗೆ ಲಾನಾರ್ಕ್ ಎಂದು ಹೆಸರು. ಆಫ್ರಿಕಾ ಖಂಡದಲ್ಲಿ ಸುವಾರ್ತೆಯನ್ನು ಸಾರಿದ ಡೇವಿಡ್ ಲಿವಿಂಗ್‌ಸ್ಟನನು 1813ರಲ್ಲಿ ಹುಟ್ಟಿದ ಬ್ಲಾಂಟೈರ್ ಗ್ರಾಮವು ಈ ಸೀಮೆಯಲ್ಲಿಯೇ ಇದೆ. ಅವನು ಹತ್ತು ವರುಷದ ಬಾಲಕನಾಗಿ ಅಲ್ಲಿಯ ಹತ್ತಿಯ ಗಿರಣಿಯಲ್ಲಿ ದುಡಿದದ್ದನ್ನು ನಮ್ಮ ವಾಚಕರಲ್ಲಿ ಅನೇಕರು ಓದಿ ಬಲ್ಲರು. ಅದೇ ಸೀಮೆಯಲ್ಲಿ 43 ವರುಷಗಳ ತರುವಾಯ ಹುಟ್ಟಿ, ಅದೇ ಹತ್ತನೆಯ ವಯಸ್ಸಿನಲ್ಲಿ ಕಲ್ಲಿದ್ದಲಿನ ಗಣಿಗೆ ಇಳಿದ ಇನ್ನೊಬ್ಬನ ಚರಿತ್ರೆಯನ್ನು ನಾವು ಈಗ ಹೇಳಲಿದ್ದೇವೆ. ಅವನ ಹೆಸರು ಜೇಮ್ಸ್ ಕೀರ್ ಹಾರ್ಡಿ. ಅವನು ದೂರದೇಶದಲ್ಲಿ ಬೋಧಕನಾಗಲಿಲ್ಲ. ತನ್ನ ದೇಶದ ಪಾರ್ಲಿಮೆಂಟಿನಲ್ಲಿ ಬಡವರ ಪರವಾಗಿ ಮಾತಾಡುವವನಾದನು. ಅವನ ಜೀವಮಾನದಲ್ಲಿ ಹೆಸರುವಾಸಿಯಾದ ಜಯಗಳು ಕೆಲವು ಉಂಟು. ಆದರೆ ನಾವು ಹೆಚ್ಚಾಗಿ ಹೇಳಬೇಕೆಂದಿರುವುದು 1888ನೆಯ ಏಪ್ರಿಲ್ 27ರ ಸಂಗತಿಯನ್ನು. ಆ ದಿನ ಅವನು ಸೋತನು. ಮೂವರಲ್ಲಿ ಕಡೆಯವನಾಗಿ ಸೋತನು.

ಹಾರ್ಡಿಯು 1856ನೆಯ ಆಗಸ್ಟ್ 15ರಂದು ಹೋಲಿಟೌನ್ ಎಂಬ ಊರಿನ ಸಮೀಪದಲ್ಲಿ ಒಂದೇ ಕೋಣೆಯ ಗುಡಿಸಲಿನಲ್ಲಿ ಹುಟ್ಟಿದನು. ತಾಯಿ ಮೇರಿ ಕೀರ್ ಎಂಬವಳು ಒಕ್ಕಲುಮನೆಗಳಲ್ಲಿ ಕೆಲಸಕ್ಕಿದ್ದ ಹೆಂಗಸು. ಮಗು ಹುಟ್ಟಿದಾಗ ಅವಳಿಗೆ ಮದುವೆಯಾಗಿರಲಿಲ್ಲ. ಕೆಲವು ವರುಷಗಳಲ್ಲಿ ಡೇವಿಡ್ ಹಾರ್ಡಿ ಎಂಬ ಹಡಗಿನ ಬಡಗಿಯು ಅವಳನ್ನು ಮದುವೆಯಾಗಿ ಮಗುವಿಗೆ ತನ್ನ ಹೆಸರನ್ನು ಕೊಟ್ಟನು. ಇಂಥ ಜನ್ಮದ ನಿಮಿತ್ತ ಮುಂದೆ ವಿರೋಧಿಗಳು ಅವನನ್ನು ಹೀಯಾಳಿಸಿದ್ದುಂಟು. ತಾಯಿಯು ಧೈರ್ಯವಂತಳು; ಶಾಲೆಗೆ ಹೋಗಲು ಅನುಕೂಲವಿಲ್ಲದ ಮಗನಿಗೆ ಓದುವದನ್ನು ಅವಳೇ ಕಲಿಸಿದಳು. ಎಂಟು ವರುಷ ತುಂಬುವಷ್ಟರಲ್ಲಿ ಹುಡುಗನು ಕೂಲಿಗೆ ಹೋಗಬೇಕಾಯಿತು.

1866ರಲ್ಲಿ ಕ್ಲೈಡ್ ನದಿಯ ಹಡಗು ಕಟ್ಟುವ ಅಂಗಳಗಳಲ್ಲಿ ಧಣಿಗಳು ಬಾಗಿಲು ಮುಚ್ಚಿ ಕೆಲಸಗಾರರನ್ನು ಹೊರಗಿಟ್ಟರು. ಮಲತಂದೆಗೆ ಅನೇಕ ತಿಂಗಳು ಕೆಲಸವಿಲ್ಲ. ಆಗ ಇಡೀ ಸಂಸಾರಕ್ಕೆ ಈ ಹುಡುಗನ ಕೂಲಿಯೊಂದೇ ಆಧಾರ. ಅವನು ಗ್ಲಾಸ್ಗೋ ಪಟ್ಟಣದ ಒಂದು ರೊಟ್ಟಿಯಂಗಡಿಯಲ್ಲಿ ದಿನಕ್ಕೆ ಹನ್ನೆರಡೂವರೆ ತಾಸು ಸುತ್ತಾಡಿ ಮನೆಮನೆಗೆ ರೊಟ್ಟಿ ಮುಟ್ಟಿಸುತ್ತಿದ್ದನು. ವಾರಕ್ಕೆ ಮೂರು ಷಿಲಿಂಗ್ ಆರು ಪೆನ್ಸ್ ಸಂಬಳ. ಮನೆಯಲ್ಲಿ ತಮ್ಮನೊಬ್ಬನು ಜ್ವರದಿಂದ ಮಲಗಿದ್ದನು. ತಾಯಿಗೆ ದಿನ ತುಂಬಿತ್ತು. ರಾತ್ರಿಯೆಲ್ಲಾ ರೋಗಿಯ ಬಳಿ ಎಚ್ಚರವಾಗಿದ್ದು ಹುಡುಗನು ಬೆಳಿಗ್ಗೆ ಕಾಲು ತಾಸು ತಡವಾಗಿ ಹೋದನು. ಇನ್ನೊಂದು ಸಾರಿ ಹೀಗಾದರೆ ಕೆಲಸವಿಲ್ಲವೆಂದು ಎಚ್ಚರಿಕೆ ಕೊಟ್ಟರು. ಮತ್ತೊಂದು ದಿನವೂ ತಡವಾಯಿತು. ಧಣಿಯು ಮಹಡಿಯ ಮೇಲಿನ ಮನೆಗೆ ಕರೆಯಿಸಿದನು. ಮನೆಯವರು ಉಪಾಹಾರಕ್ಕೆ ಮುಂಚಿನ ಕುಟುಂಬಪ್ರಾರ್ಥನೆಯಲ್ಲಿದ್ದುದರಿಂದ ಅದು ಮುಗಿಯುವ ತನಕ ಹುಡುಗನು ತೊಯ್ದ ಬಟ್ಟೆಯಲ್ಲಿ ಬಾಗಿಲ ಹೊರಗೆ ಕಾದು ನಿಂತನು. ಆಮೆನ್ ಆದ ಮೇಲೆ ಒಳಗೆ ಕರೆದು, ಕೆಲಸದಿಂದ ತೆಗೆದಿರುವದಾಗಿಯೂ ತಪ್ಪಿಗೆ ದಂಡವಾಗಿ ಆ ವಾರದ ಸಂಬಳವನ್ನು ಹಿಡಿದುಕೊಂಡಿರುವದಾಗಿಯೂ ತಿಳಿಸಿದರು. ಮೇಜಿನ ಮೇಲೆ ಬಗೆಬಗೆಯ ತಿನಿಸುಗಳಿದ್ದವು. ಹುಡುಗನು ಮಳೆಯಲ್ಲಿ ಬೀದಿಬೀದಿ ಅಲೆದು, ತಾಯಿಗೆ ಹೇಗೆ ಹೇಳಲೆಂದು ತಿಳಿಯದೆ, ಹೊತ್ತು ಮೀರಿ ಮನೆ ಸೇರಿದನು. ಇದನ್ನು ಅವನು ದೊಡ್ಡವನಾದ ಮೇಲೆ ತಾನೇ ಹೇಳಿದ್ದಾನೆ.

ಈ ಸಂಗತಿಯನ್ನು ನಾವು ವಿವರವಾಗಿ ಬರೆದದ್ದಕ್ಕೆ ಕಾರಣವುಂಟು. ಅವನ ತಂದೆತಾಯಿಗಳು ದೇವಾಲಯವನ್ನು ಬಿಟ್ಟು ನಾಸ್ತಿಕರಾದರು. ಈ ಧಣಿಯ ನಡತೆಯೂ ಅದಕ್ಕೊಂದು ಕಾರಣವೆಂದು ಹೇಳುವವರಿದ್ದಾರೆ. ಮಗನಾದರೋ ಅಂಥ ಮನೆಯಲ್ಲಿ ಬೆಳೆದೂ 1877ರ ಸುಮಾರಿಗೆ ಕ್ರಿಸ್ತನನ್ನು ನಂಬಿ, ಇವಾಂಜೆಲಿಕಲ್ ಯೂನಿಯನ್ ಎಂಬ ಸಭೆಗೆ ಸೇರಿ, ಬೀದಿಗಳಲ್ಲಿ ನಿಂತು ಬೋಧಿಸುವವನಾದನು. ಆದರೂ ಆ ಬಾಗಿಲ ಹೊರಗಿನ ಕಾಲು ತಾಸನ್ನು ಅವನು ಸಾಯುವ ತನಕ ಮರೆಯಲಿಲ್ಲ. ದೊಡ್ಡ ಮನುಷ್ಯರ ಭಕ್ತಿಯ ವಿಷಯವಾಗಿ ಅವನು ಬರೆದ ಕಠಿಣವಾದ ಮಾತುಗಳನ್ನು ಓದುವವರು ಈ ಕಾಲು ತಾಸನ್ನೂ ಜ್ಞಾಪಕದಲ್ಲಿಟ್ಟುಕೊಳ್ಳಬೇಕು.

ರೊಟ್ಟಿಯಂಗಡಿಯ ಕೆಲಸ ಹೋದ ಮೇಲೆ ಸಂಸಾರವು ಗಣಿಯ ಸೀಮೆಗೆ ಹಿಂದಿರುಗಿತು. ಹುಡುಗನು ಗಣಿಯಲ್ಲಿ ಬಾಗಿಲು ಕಾಯುವವನಾದನು. ಭೂಮಿಯ ಕೆಳಗೆ ಗಾಳಿಯು ಸರಿಯಾದ ದಾರಿಯಲ್ಲಿ ಹರಿಯುವಂತೆ ಅಲ್ಲಲ್ಲಿ ಮರದ ಬಾಗಿಲುಗಳಿರುತ್ತಿದ್ದವು. ಕಲ್ಲಿದ್ದಲಿನ ಬಂಡಿ ಬಂದಾಗ ತೆರೆಯಬೇಕು, ಹೋದೊಡನೆ ಮುಚ್ಚಬೇಕು. ದಿನಕ್ಕೆ ಹತ್ತು ತಾಸು ಕತ್ತಲೆಯಲ್ಲಿ ಒಂಟಿಯಾಗಿ ಕೂತಿರುವದೇ ಆ ಕೆಲಸ. ಚಳಿಗಾಲದಲ್ಲಿ ಭಾನುವಾರದ ಹೊರತು ಅವನು ಸೂರ್ಯನನ್ನು ಕಾಣಲಿಲ್ಲ. ತರುವಾಯ ಬಂಡಿ ಎಳೆಯುವ ಕುದುರೆ ಮರಿಗಳನ್ನು ನಡಿಸಿದನು. ಪ್ರಾಯಕ್ಕೆ ಬಂದ ಮೇಲೆ ಕಲ್ಲಿದ್ದಲನ್ನು ಕಡಿಯುವ ಒಳ್ಳೇ ಕೆಲಸಗಾರನಾದನು. ರಾತ್ರಿ ಶಾಲೆಯಲ್ಲಿ ಬರಹ ಕಲಿತನು. ಗಣಿಯೊಳಗೆ ಬಿಡುವು ಸಿಕ್ಕಿದಾಗ ದೀಪದ ಹೊಗೆ ಹಿಡಿಸಿದ ಕಲ್ಲಿನ ಮೇಲೆ ಸೂಜಿಯಿಂದ ಗೀಚಿ ಶೀಘ್ರಲಿಪಿಯನ್ನು ಅಭ್ಯಾಸ ಮಾಡಿದನೆಂದು ಹೇಳುತ್ತಾರೆ. ಕುಡಿತವು ಗಣಿಯ ಮನೆಗಳನ್ನು ಹಾಳುಮಾಡುವದನ್ನು ಕಣ್ಣಾರೆ ಕಂಡು ಮದ್ಯವರ್ಜನ ಸಂಘಕ್ಕೆ ಸೇರಿದನು. ಅದೇ ಕೆಲಸದಲ್ಲಿದ್ದ ಲಿಲ್ಲಿ ವಿಲ್ಸನ್ ಎಂಬವಳನ್ನು 1879ರಲ್ಲಿ ಮದುವೆಯಾದನು.

ಆ ಸೀಮೆಯ ಗಣಿಗಳು ಎಂಥವುಗಳೆಂಬುದಕ್ಕೆ ಎರಡು ಲೆಕ್ಕಗಳು ಸಾಕು. 1877ನೆಯ ಅಕ್ಟೋಬರ್ 22ರಂದು ಬ್ಲಾಂಟೈರ್ ಗಣಿಯಲ್ಲಿ ವಿಷವಾಯುವಿಗೆ ಬೆಂಕಿ ಹತ್ತಿ 207 ಮಂದಿ ಗಂಡಸರೂ ಹುಡುಗರೂ ಸತ್ತರು. 1887ನೆಯ ಮೇ 28ರಂದು ಹ್ಯಾಮಿಲ್ಟನ್ ಬಳಿಯ ಉಡ್‌ಸ್ಟನ್ ಗಣಿಯಲ್ಲಿ 73 ಮಂದಿ ಹಾಗೆಯೇ ಸತ್ತರು. ಬದುಕಿರುವವರ ಕೂಲಿಯು ಕಲ್ಲಿದ್ದಲಿನ ಕ್ರಯ ಇಳಿದಾಗಲೆಲ್ಲಾ ಇಳಿಯುತ್ತಿತ್ತು. ಹಾರ್ಡಿಯು ಜೊತೆಗಾರರ ದೂರುಗಳನ್ನು ಧಣಿಗಳ ಮುಂದೆ ಹೇಳಲು ತೊಡಗಿದಾಗ ಅವನನ್ನೂ ಅವನ ತಮ್ಮಂದಿರನ್ನೂ ಗಣಿಯಿಂದ ಹೊರಗೆ ಹಾಕಿದರು; ಬೇರೆ ಗಣಿಗಳೂ ಅವರನ್ನು ತೆಗೆದುಕೊಳ್ಳಲಿಲ್ಲ. 1880ರಲ್ಲಿ ಲಾನಾರ್ಕಿನಲ್ಲಿ ನಡೆದ ಮುಷ್ಕರವು ಸೋತಿತು. ಅವನು ಪಕ್ಕದ ಏರ್ ಸೀಮೆಯ ಕಮ್ನಾಕ್ ಎಂಬ ಊರಿಗೆ ಹೋಗಿ ಗಣಿಗಾರರನ್ನು ಕೂಡಿಸುತ್ತಾ, ಸ್ಥಳೀಯ ಪತ್ರಿಕೆಗೆ ಬರೆದು ಜೀವಿಸುತ್ತಾ ಬಂದನು. 1886ರಲ್ಲಿ ಅಲ್ಲಿ ಗಣಿಗಾರರ ಸಂಘವು ನೆಲೆಗೊಂಡಾಗ ವರುಷಕ್ಕೆ 75 ಪೌಂಡುಗಳ ಸಂಬಳದ ಮೇಲೆ ಅದರ ಕಾರ್ಯದರ್ಶಿಯಾದನು. ಮುಂದಿನ ವರುಷ ಗಣಿಗಾರರಿಗಾಗಿ ಒಂದು ಮಾಸಪತ್ರಿಕೆಯನ್ನೂ ಹೊರಡಿಸಿದನು. ಆ ವರುಷದಲ್ಲೇ ಒಂದು ಕಬ್ಬಿಣದ ಕಾರ್ಖಾನೆಗೆ ಲಿಥುವೇನಿಯದಿಂದ ಬಂದ ಕೂಲಿಗಳನ್ನು ಕುರಿತು ಅವನು ಕ್ರೂರವಾಗಿ ಬರೆದದ್ದನ್ನು ನಾವು ಮರೆಮಾಡಲಾರೆವು. ಅವರೂ ಹೊಟ್ಟೆಯ ಪಾಡಿಗೆ ಬಂದ ಬಡವರೇ ಆಗಿದ್ದರು.

ಈಗ ಚುನಾವಣೆಯ ವಿಷಯಕ್ಕೆ ಬರುವೆವು. ಇಂಗ್ಲಿಷ್ ಪಾರ್ಲಿಮೆಂಟಿಗೆ ಆರಿಸುವ ಹಕ್ಕು ಬಹುಕಾಲ ಆಸ್ತಿವಂತರದಾಗಿತ್ತು. 1872ರ ತನಕ ವೋಟು ಕೊಡುವವನು ತನ್ನ ಉಮೇದುವಾರನ ಹೆಸರನ್ನು ಎಲ್ಲರೆದುರಿಗೆ ಬಾಯಿಬಿಟ್ಟು ಹೇಳಬೇಕಾಗಿತ್ತು. ಧಣಿಯ ಗುಮಾಸ್ತನು ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಿದ್ದನು. ಆ ವರುಷದ ಕಾಯಿದೆಯಿಂದ ಗುಪ್ತವಾದ ಚೀಟಿ ಬಂತು. 1884ರ ಕಾಯಿದೆಯಿಂದ ಹಳ್ಳಿಗಾಡಿನ ಸೀಮೆಗಳಲ್ಲಿಯೂ ಸ್ವಂತವಾಗಿಯೋ ಬಾಡಿಗೆಗೋ ಮನೆ ನಡಿಸುವ ಗಂಡಸರಿಗೆ ವೋಟು ಸಿಕ್ಕಿತು. ಹೀಗೆ ಗಣಿಗಾರರಲ್ಲಿ ಅನೇಕರು ಮತದಾರರಾದರು. ಹೆಂಗಸರಿಗೆ ಇರಲಿಲ್ಲ. ಒಂದು ವರುಷ ಒಂದೇ ಕಡೆಯಲ್ಲಿ ವಾಸಮಾಡದವನಿಗೂ ಇರಲಿಲ್ಲ. ಗಣಿಗಾರರು ಕೆಲಸ ಹುಡುಕುತ್ತಾ ಊರಿಂದೂರಿಗೆ ಹೋಗುವವರು. ಅನೇಕರು ಕಂಪೆನಿಯ ಮನೆಗಳಲ್ಲಿಯೇ ಇರುವವರು. ಮುಷ್ಕರ ಹೂಡಿದರೆ ಮನೆಯಿಂದ ಹೊರಗೆ. ಆದದರಿಂದ ಪಟ್ಟಿಯಲ್ಲಿ ಹೆಸರಿಲ್ಲದವರು ಬಹಳ ಮಂದಿ. ಗೆದ್ದವನಿಗೆ ಪಾರ್ಲಿಮೆಂಟಿನಲ್ಲಿ ಸಂಬಳವೂ ಇಲ್ಲ; ಅದು 1911ರಲ್ಲಿ ಬಂತು. ಚುನಾವಣೆ ನಡಿಸುವ ಅಧಿಕಾರಿಯ ಖರ್ಚನ್ನು ಸಹ ಉಮೇದುವಾರರೇ ಹಂಚಿಕೊಂಡು ಕೊಡಬೇಕು. ಇಂಥ ಏರ್ಪಾಡಿನಲ್ಲಿ ಬಡವನು ವೋಟು ಕೊಡಬಹುದಾಗಿತ್ತು, ಕೇಳುವದು ಮಾತ್ರ ಹೆಚ್ಚುಕಡಿಮೆ ಅಸಾಧ್ಯವಾಗಿತ್ತು.

1885ರಲ್ಲಿ ಹೊಸದಾಗಿ ಏರ್ಪಟ್ಟ ಕ್ಷೇತ್ರಗಳಲ್ಲಿ ಮಧ್ಯ ಲಾನಾರ್ಕ್ ಒಂದು. ಕಲ್ಲಿದ್ದಲು, ಕಬ್ಬಿಣ ಇವೆರಡೇ ಅದರ ಜೀವನ. ಅಲ್ಲಿಂದ ಆರಿಸಲ್ಪಟ್ಟಿದ್ದ ಲಿಬರಲ್ ಪಕ್ಷದ ಸ್ಟೀಫನ್ ಮೇಸನ್ ಎಂಬ ಗ್ಲಾಸ್ಗೋ ವರ್ತಕನು 1888ರಲ್ಲಿ ರಾಜೀನಾಮೆ ಕೊಟ್ಟನು. ಹಾರ್ಡಿಯೂ ಆಗ ಲಿಬರಲ್ ಪಕ್ಷದವನೇ. ಗಣಿಗಾರರೇ ಹೆಚ್ಚಾಗಿರುವ ಸೀಮೆಯಿಂದ ಗಣಿಗಾರನೊಬ್ಬನನ್ನು ಕಳುಹಿಸಬೇಕೆಂದು ಅವನು ಪಕ್ಷದ ಸ್ಥಳೀಯ ಸಂಘವನ್ನು ಕೇಳಿಕೊಂಡನು. ಇದು ಕೇಳಬಾರದ ಮಾತಾಗಿರಲಿಲ್ಲ. 1874ರಲ್ಲಿಯೇ ಅಲೆಕ್ಸಾಂಡರ್ ಮ್ಯಾಕ್‌ಡೊನಲ್ಡ್, ಥಾಮಸ್ ಬರ್ಟ್ ಎಂಬ ಇಬ್ಬರು ಗಣಿಗಾರರು ಲಿಬರಲರ ಸಹಾಯದಿಂದ ಇಂಗ್ಲೆಂಡಿನ ಕ್ಷೇತ್ರಗಳಲ್ಲಿ ಗೆದ್ದಿದ್ದರು. ಅವರಲ್ಲಿ ಮೊದಲನೆಯವನು ಲಾನಾರ್ಕಿನವನೇ. ಆದರೆ ಸಂಘದ ಮುಖಂಡರು ಹಣವಂತರು. ಅವರು ಜಾನ್ ವಿನ್‌ಫರ್ಡ್ ಫಿಲಿಪ್ಸ್ ಎಂಬ 27 ವರುಷದ ಬ್ಯಾರಿಸ್ಟರನನ್ನು ಆರಿಸಿದರು. ಅವನು ವೇಲ್ಸ್ ದೇಶದವನು. ಗಣಿಯ ಸೀಮೆಗೂ ಅವನಿಗೂ ಸಂಬಂಧವಿರಲಿಲ್ಲ. ಕನ್ಸರ್ವೇಟಿವ್ ಪಕ್ಷದವರು ವಿಲಿಯಂ ಬೌಸ್‌ಫೀಲ್ಡ್ ಎಂಬ ಇನ್ನೊಬ್ಬ ಬ್ಯಾರಿಸ್ಟರನನ್ನು ನಿಲ್ಲಿಸಿದರು. ಆಗ ಹಾರ್ಡಿಯು ಪಕ್ಷದ ಒಪ್ಪಿಗೆಯಿಲ್ಲದೆ ಕೂಲಿಗಾರರ ಪರವಾಗಿ ತಾನೇ ನಿಲ್ಲುವೆನೆಂದು ಪ್ರಕಟಿಸಿದನು. ಅವನಿಗೆ ವಯಸ್ಸು 31.

ಅವನು ಕೇಳಿದ ವಿಷಯಗಳು ಈಗ ಓದಿದರೆ ಸಾಮಾನ್ಯವಾಗಿ ಕಾಣುತ್ತವೆ. ಗಣಿಯಲ್ಲಿ ದಿನಕ್ಕೆ ಎಂಟು ತಾಸಿಗಿಂತ ಹೆಚ್ಚು ದುಡಿಸಬಾರದು. ಗಾಯಪಟ್ಟವರಿಗೂ ಸತ್ತವರ ಮನೆಯವರಿಗೂ ಸರಕಾರದ ಮುಖಾಂತರ ವಿಮೆಯ ನಿಧಿ ಇರಬೇಕು. ಮದ್ಯದಂಗಡಿಗಳ ಮೇಲೆ ಊರವರಿಗೆ ಅಧಿಕಾರವಿರಬೇಕು. ಐರ್ಲೆಂಡಿಗೆ ಸ್ವರಾಜ್ಯ ಸಿಗಬೇಕು, ಸ್ಕಾಟ್ಲೆಂಡಿಗೂ ಸಿಗಬೇಕು. ಆ ದಿನಗಳಲ್ಲಿ ಕೆಲಸದ ತಾಸುಗಳನ್ನು ಕಾಯಿದೆಯಿಂದ ಗೊತ್ತುಮಾಡುವದು ವಿಪರೀತದ ಮಾತೆಂದು ಲಿಬರಲ್ ಪಕ್ಷದ ಅನೇಕರು ಎಣಿಸಿದರು.

ಮೂರನೆಯವನು ನಿಂತದ್ದರಿಂದ ಲಿಬರಲರಿಗೆ ಭಯ ಹುಟ್ಟಿತು. ಬಡವರ ವೋಟು ಇಬ್ಭಾಗವಾದರೆ ಕನ್ಸರ್ವೇಟಿವನು ನಡುವೆ ನುಗ್ಗಿ ಗೆಲ್ಲುವನಲ್ಲವೇ? ಕಾರ್ಮಿಕರ ಚುನಾವಣಾ ಸಂಘದ ಕಾರ್ಯದರ್ಶಿ ಥ್ರೆಲ್‌ಫಾಲ್ ಎಂಬವನು ಇಂಗ್ಲೆಂಡಿನಿಂದ ಬಂದು, ಮೊದಲು ಹಾರ್ಡಿಯ ಪಕ್ಷವಹಿಸಿ, ತರುವಾಯ ಲಿಬರಲರೊಡನೆ ಮಾತಾಡಿ, ಸಂಧಾನವೇ ಲೇಸೆಂದು ಹಿಂದಿರುಗಿ ಬಂದನು. ಅವರು ಕಳುಹಿಸಿದ ಸಂಧಾನವು ಹೀಗಿತ್ತು: ಹಾರ್ಡಿಯು ಈಗ ಹಿಂದೆಗೆಯಬೇಕು, ಮುಂದಿನ ಸಾಮಾನ್ಯ ಚುನಾವಣೆಯಲ್ಲಿ ಅವನಿಗೆ ಸೋಲಿನ ಭಯವಿಲ್ಲದ ಒಂದು ಕ್ಷೇತ್ರವನ್ನು ಕೊಡುವರು, ಅವನ ಚುನಾವಣೆಯ ಖರ್ಚನ್ನು ಪಕ್ಷವೇ ಹೊರುವದು, ಗೆದ್ದ ಮೇಲೆ ವರುಷಕ್ಕೆ 300 ಪೌಂಡುಗಳ ಸಂಬಳವೂ ದೊರೆಯುವದು. ಗ್ಲಾಸ್ಗೋ ಪಟ್ಟಣದಲ್ಲಿ ಇದನ್ನು ಅವನ ಮುಂದೆ ಇಟ್ಟವನು ಸರ್ ಜಾರ್ಜ್ ಟ್ರೆವೆಲಿಯನ್. ಇವನ ತಂದೆ ಸರ್ ಚಾರ್ಲ್ಸನು 1859ರಲ್ಲಿ ಮದ್ರಾಸಿನ ಗವರ್ನರನಾಗಿ ಬಂದು, ಕನ್ನಡ ಜಿಲ್ಲೆಯೂ ಬಳ್ಳಾರಿಯೂ ಸೇರಿದ್ದ ಆ ರಾಜಧಾನಿಯನ್ನು ಆಳಿದವನು. ಮಗನು ಸಭ್ಯನಾದ ಮನುಷ್ಯ. ಹಾರ್ಡಿಯೊಡನೆ ಮರ್ಯಾದೆಯಿಂದಲೇ ಮಾತಾಡಿದನು.

ವಾಚಕರು ಇಲ್ಲಿ ಸ್ವಲ್ಪ ನಿಂತು ಯೋಚಿಸಲಿ. ಹಾರ್ಡಿಯ ಸಂಬಳ 75 ಪೌಂಡು. ಕೊಡುವೆವೆಂದದ್ದು ಅದರ ನಾಲ್ಕರಷ್ಟು. ಮನೆಯಲ್ಲಿ ಹೆಂಡತಿಯೂ ಚಿಕ್ಕ ಮಕ್ಕಳೂ ಇದ್ದರು. ಸೋತರೆ ಸಾಲವೂ ಹಾಸ್ಯವೂ ಉಳಿಯುವವು. ಒಪ್ಪಿದರೆ ಕೆಲವು ವರುಷಗಳಲ್ಲಿ ಪಾರ್ಲಿಮೆಂಟು ನಿಶ್ಚಯ; ಅಲ್ಲಿ ಕೂತು ಗಣಿಗಾರರಿಗೆ ಏನಾದರೂ ಒಳ್ಳೇದನ್ನು ಮಾಡಬಹುದು. ಒಪ್ಪಿಕೊಳ್ಳಬೇಕೆಂದು ಹೇಳಿದವರೆಲ್ಲರೂ ದುಷ್ಟರಲ್ಲ. ಕೊಡುವೆವೆಂದ ಹಣವೂ ಕದ್ದ ಹಣವಲ್ಲ. ಅಂಥ ಏರ್ಪಾಡುಗಳು ಪಕ್ಷಗಳಲ್ಲಿ ನಡೆಯುತ್ತಲೇ ಇದ್ದವು. ಇದನ್ನು ಲಂಚವೆಂದು ಕರೆಯಬೇಕೋ ಬಾರದೋ ಎಂದು ಬುದ್ಧಿವಂತರು ವಾದಿಸಬಹುದು. ಆದರೆ ಹಾರ್ಡಿಗೆ ತೋರಿದ್ದು ಇಷ್ಟೇ: ಯಾರ ಕೈಯಿಂದ ಸಂಬಳ ಬರುವದೋ ಅವರ ಮಾತನ್ನು ಅವನು ಆಡಬೇಕಾಗುವದು. ಗಣಿಯ ಧಣಿಗಳಲ್ಲಿ ಹಲವರು ಲಿಬರಲ್ ಪಕ್ಷದವರೇ ಆಗಿದ್ದರು. ಅವರ ಪಕ್ಷದ ಹಣದಿಂದ ಕೂತವನು ಎಂಟು ತಾಸಿನ ಕಾಯಿದೆಯನ್ನು ಯಾವ ಬಾಯಿಂದ ಕೇಳುವನು? ಅವನು ಆ ಸಂಧಾನವನ್ನು ನಿರಾಕರಿಸಿದನು. ಥ್ರೆಲ್‌ಫಾಲನು ಬೇಸರದಿಂದ ಹೊರಟುಹೋದನು.

ಅವನ ಕಡೆ ನಿಂತವರು ಕೆಲವರೇ. ವಾಯವ್ಯ ಲಾನಾರ್ಕಿನ ಸದಸ್ಯ ಕನಿಂಗ್‌ಹ್ಯಾಮ್ ಗ್ರೇಹಮನು, ದೊಡ್ಡ ಮನೆತನದವನಾದರೂ, ಇವನಿಗಾಗಿ ಮಾತಾಡಿದನು. ಲಾರ್ಕ್‌ಹಾಲಿನ ಗಣಿಗಾರ ರಾಬರ್ಟ್ ಸ್ಮೈಲಿ ಎಂಬವನು ಜೊತೆಯಾದನು. ಗ್ಲಾಸ್ಗೋವಿನ ಐರಿಷ್ ಮುಖಂಡ ಜಾನ್ ಫರ್ಗಸನನು ತನ್ನ ಜನರ ಮನಸ್ಸಿಗೆ ವಿರೋಧವಾಗಿ ಇವನನ್ನು ಬೆಂಬಲಿಸಿದನು. ಲಂಡನಿನಲ್ಲಿ ಗುಮಾಸ್ತನಾಗಿದ್ದ, ಯಾರಿಗೂ ತಿಳಿಯದ 21 ವರುಷದ ಸ್ಕಾಟ್ಲೆಂಡಿನ ತರುಣನೊಬ್ಬನು ಶುಭಕೋರಿ ಪತ್ರ ಬರೆದನು. ಅವನ ಹೆಸರು ರಾಮ್ಸೆ ಮ್ಯಾಕ್‌ಡೊನಲ್ಡ್.

ವಿರೋಧವಾದರೋ ಎಲ್ಲಾ ಕಡೆಯಿಂದಲೂ ಬಂತು. ಇವನು ಕನ್ಸರ್ವೇಟಿವರ ಹಣ ತಿಂದು ಲಿಬರಲರನ್ನು ಸೋಲಿಸಲು ನಿಂತಿದ್ದಾನೆಂದು ಊರೂರಲ್ಲಿ ಹೇಳಿದರು. ಲಂಡನಿನ ಕೆಲವು ಮಿತ್ರರು ಕಳುಹಿಸಿದ ಸಹಾಯವೇ ಈ ಮಾತಿಗೆ ದಾರಿಮಾಡಿತು. ಮುನ್ನೂರು ಪೌಂಡನ್ನು ಬೇಡವೆಂದವನಿಗೆ ಈ ಅಪವಾದ! ಇದಕ್ಕಿಂತಲೂ ಭಾರವಾದದ್ದು ಐರಿಷ್ ಜನರ ಪ್ರಶ್ನೆ. ಲಾನಾರ್ಕಿನ ಗಣಿಗಳಲ್ಲಿ ಐರ್ಲೆಂಡಿನಿಂದ ಬಂದ ರೋಮನ್ ಕಥೋಲಿಕರು ಸಾವಿರಾರು ಮಂದಿ. ಅವರಿಗೂ ಪ್ರೊಟೆಸ್ಟಂಟ್ ಗಣಿಗಾರರಿಗೂ ಹಳೇ ಜಗಳ. ಒಂದೇ ಗಣಿಯಲ್ಲಿ ಒಂದೇ ಕೂಲಿಗೆ ದುಡಿದು, ಒಂದೇ ಬೆಂಕಿಗೆ ಸಾಯುವವರು ಮೇಲೆ ಬಂದೊಡನೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಐರ್ಲೆಂಡಿನ ಸ್ವರಾಜ್ಯಕ್ಕಾಗಿ ಗ್ಲ್ಯಾಡ್‌ಸ್ಟನನು ತನ್ನ ಪಕ್ಷವೇ ಒಡೆಯುವಂತೆ ಹೋರಾಡಿದ್ದನು. ಆದದರಿಂದ ಐರಿಷ್ ಗಣಿಗಾರರು ಅವನ ಪಕ್ಷದ ಉಮೇದುವಾರನಿಗೇ ವೋಟು ಕೊಡಬೇಕೆಂದು ಅವರ ಸಂಘವು ಅಪ್ಪಣೆಮಾಡಿತು. ಅವರು ಹಾಗೆ ಮಾಡಿದ್ದು ತಪ್ಪೆಂದು ನಾವು ಹೇಳಲಾರೆವು. ಕೂಲಿಯೂ ಸ್ವದೇಶವೂ ಎರಡು ಕಡೆಗೆ ಎಳೆಯುವಾಗ ಮನುಷ್ಯನು ಏನು ಮಾಡಬೇಕು?

ಏಪ್ರಿಲ್ 27ರಂದು ಚೀಟಿಗಳು ಬಿದ್ದವು. ಎಣಿಸಿದಾಗ ಫಿಲಿಪ್ಸನಿಗೆ 3,847, ಬೌಸ್‌ಫೀಲ್ಡನಿಗೆ 2,917, ಹಾರ್ಡಿಗೆ 617. ಬಿದ್ದ 7,381 ವೋಟುಗಳಲ್ಲಿ ಗಣಿಯವನಿಗೆ ಸಿಕ್ಕಿದ್ದು ಹನ್ನೆರಡರಲ್ಲಿ ಒಂದು ಪಾಲು. ಲಿಬರಲರು 930 ವೋಟುಗಳ ಅಂತರದಿಂದ ಗೆದ್ದರು. ಮೂರನೆಯವನಿಂದ ಸೋಲುವೆವೆಂದು ಪಟ್ಟ ಭಯವು ನಿಜವಾಗಲಿಲ್ಲ. ಗಣಿಗಾರರಲ್ಲಿಯೂ ಹೆಚ್ಚಿನವರು ತಮ್ಮವನನ್ನು ಬಿಟ್ಟು ಬ್ಯಾರಿಸ್ಟರನನ್ನೇ ಆರಿಸಿದರು. ಪತ್ರಿಕೆಗಳು ಈ ಸಂಗತಿಯನ್ನು ನಾಲ್ಕು ಸಾಲುಗಳಲ್ಲಿ ಮುಗಿಸಿದ್ದರೆ ಆಶ್ಚರ್ಯವಿರಲಿಲ್ಲ.

ಆ ಆರುನೂರ ಹದಿನೇಳು ಮಂದಿ ಯಾರು? ಚೀಟಿಯು ಗುಪ್ತವಾದದ್ದರಿಂದ ಅವರ ಹೆಸರುಗಳು ಎಲ್ಲಿಯೂ ಬರೆದಿಲ್ಲ. ತಮ್ಮ ವೋಟು ಗೆಲ್ಲಿಸಲಾರದೆಂದು ಅವರಲ್ಲಿ ಹೆಚ್ಚಿನವರು ಬಲ್ಲವರಾಗಿದ್ದಿರಬೇಕು. ಗೆಲ್ಲುವವನ ಕಡೆ ಸೇರಿದರೆ ಏನಾದರೂ ಉಪಕಾರವಾದೀತೆಂಬ ಲೆಕ್ಕವನ್ನು ಅವರು ಹಾಕಲಿಲ್ಲ. ಹಾರ್ಡಿಯನ್ನು ಹೊಗಳುವ ಪುಸ್ತಕಗಳು ಅನೇಕವಿವೆ; ನಮಗಾದರೋ ಅವನೊಡನೆ ಈ ಹೆಸರಿಲ್ಲದವರೂ ಗೌರವಕ್ಕೆ ಯೋಗ್ಯರೆಂದು ತೋರುತ್ತದೆ. ಅವನಿಗೆ ಮುನ್ನೂರು ಪೌಂಡನ್ನು ನಿರಾಕರಿಸುವ ಸಂದರ್ಭವಾದರೂ ಬಂತು. ಇವರನ್ನು ಯಾರೂ ಏನೂ ಕೇಳಲಿಲ್ಲ.

ಸೋಲಿನಿಂದ ಹಾರ್ಡಿಯು ಲಿಬರಲ್ ಪಕ್ಷದಿಂದ ಬಿಡುಗಡೆಯಾದನು ಎನ್ನಬಹುದು. ನಾಲ್ಕು ತಿಂಗಳೊಳಗೆ, ಆಗಸ್ಟ್ 25ರಂದು, ಗ್ಲಾಸ್ಗೋವಿನಲ್ಲಿ ಸ್ಕಾಟ್ಲೆಂಡಿನ ಲೇಬರ್ ಪಕ್ಷವು ಸ್ಥಾಪಿತವಾಯಿತು; ಗ್ರೇಹಮನು ಅಧ್ಯಕ್ಷ, ಹಾರ್ಡಿಯು ಕಾರ್ಯದರ್ಶಿ. 1894ರಲ್ಲಿ ಫಿಲಿಪ್ಸನು ರಾಜೀನಾಮೆ ಕೊಟ್ಟು ಮಧ್ಯ ಲಾನಾರ್ಕಿನಲ್ಲಿ ಮತ್ತೆ ಉಪಚುನಾವಣೆ ಬಂದಾಗ ರಾಬರ್ಟ್ ಸ್ಮೈಲಿಯು ನಿಂತು 1,221 ವೋಟುಗಳನ್ನು ಪಡೆದನು. ಅವನೂ ಕಡೆಯವನೇ, ಆದರೆ ವೋಟುಗಳು ಹಿಂದಿಗಿಂತ ಎರಡರಷ್ಟಾಗಿದ್ದವು.

ಅಷ್ಟರಲ್ಲಿ ಹಾರ್ಡಿಯೇ ಪಾರ್ಲಿಮೆಂಟಿಗೆ ಹೋಗಿಯಾಗಿತ್ತು. 1892ರ ಸಾಮಾನ್ಯ ಚುನಾವಣೆಯಲ್ಲಿ ಲಂಡನಿನ ಪೂರ್ವಕ್ಕಿರುವ ದಕ್ಷಿಣ ವೆಸ್ಟ್ ಹ್ಯಾಮ್ ಎಂಬ ಕೂಲಿಗಾರರ ಕ್ಷೇತ್ರದಲ್ಲಿ 5,268 ವೋಟುಗಳನ್ನು ಪಡೆದು, ಕನ್ಸರ್ವೇಟಿವನನ್ನು 1,232ರಿಂದ ಸೋಲಿಸಿದನು. ಇತರರು ಕರೀ ನಿಲುವಂಗಿ, ರೇಷ್ಮೆಯ ಎತ್ತರದ ಟೋಪಿ ಧರಿಸಿ ಬರುತ್ತಿದ್ದ ಆ ಸಭೆಗೆ ಅವನು ಕೆಲಸದವರ ಒರಟು ಉಣ್ಣೆಯ ಉಡುಪಿನಲ್ಲಿ, ಬಟ್ಟೆಯ ಟೋಪಿಯಿಟ್ಟು ಬಂದನು. ಮರುವರುಷದ ಜನವರಿಯಲ್ಲಿ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಸ್ವತಂತ್ರ ಲೇಬರ್ ಪಕ್ಷವು ಹುಟ್ಟಿತು. ಅದಕ್ಕೆ ಅವನೇ ಅಧ್ಯಕ್ಷನಾದನು.

1894ನೆಯ ಜೂನ್ 23ರಂದು ವೇಲ್ಸ್ ದೇಶದ ಸಿಲ್ವಿನಿದ್ ಎಂಬಲ್ಲಿ ಗಣಿ ಸಿಡಿದು 290 ಮಂದಿ ಸತ್ತರು. ಅದೇ ದಿನ ರಾಜಮನೆತನದಲ್ಲಿ ಒಂದು ಗಂಡುಮಗು ಹುಟ್ಟಿತು. ಮರುದಿನ ಫ್ರಾನ್ಸಿನ ಅಧ್ಯಕ್ಷನು ಕೊಲೆಯಾದನು. ಪಾರ್ಲಿಮೆಂಟು ಫ್ರಾನ್ಸಿಗೆ ಸಂತಾಪವನ್ನು ಸೂಚಿಸಿತು. ರಾಣಿಗೆ ಮೊಮ್ಮಗನ ಮಗನು ಹುಟ್ಟಿದ್ದಕ್ಕಾಗಿ ಸಂತೋಷವನ್ನು ತಿಳಿಸಲು ಸಿದ್ಧವಾಯಿತು. ಗಣಿಯ ವಿಧವೆಯರಿಗೂ ಅನಾಥರಿಗೂ ಎರಡು ಮಾತಿನ ಸಂತಾಪವನ್ನು ಸೇರಿಸಬೇಕೆಂದು ಹಾರ್ಡಿಯು ಬೇಡಿಕೊಂಡನು. ಸರಕಾರವು ಒಪ್ಪಲಿಲ್ಲ. ಆಗ ಅವನು ಎದ್ದು ಆ ಗೊತ್ತುವಳಿಗೆ ವಿರೋಧವಾಗಿ ಮಾತಾಡಿದನು. ನೂರಾರು ಸದಸ್ಯರು ಕೂಗಿ ಗದ್ದಲವೆಬ್ಬಿಸಿದರು; ಅವನು ಬಿಡದೆ ಮುಗಿಸಿ ಕೂತನು. ಶಿಶುವಿನ ವಿಷಯದಲ್ಲಿ ಅವನು ಆಡಿದ ಕೆಲವು ಮಾತುಗಳು ಬೇಕಾಗಿರಲಿಲ್ಲವೆಂದು ನಮ್ಮ ಅಭಿಪ್ರಾಯ. ಆದರೆ ಹತ್ತು ವರುಷದವನಾಗಿ ಗಣಿಯ ಬಾಗಿಲ ಬಳಿ ಕತ್ತಲೆಯಲ್ಲಿ ಕೂತಿದ್ದವನು ಆ ಸಭೆಯಲ್ಲಿ ಸುಮ್ಮನಿರುವದು ಹೇಗೆ? 1895ರಲ್ಲಿ ಅವನು ವೆಸ್ಟ್ ಹ್ಯಾಮನ್ನು ಕಳೆದುಕೊಂಡನು.

ಐದು ವರುಷ ಅವನು ಪಾರ್ಲಿಮೆಂಟಿನ ಹೊರಗಿದ್ದು, ಊರೂರು ತಿರುಗಿ, ಕಾರ್ಮಿಕ ಸಂಘಗಳನ್ನೂ ಹೊಸ ಪಕ್ಷದವರನ್ನೂ ಒಂದುಗೂಡಿಸಲು ಶ್ರಮಪಟ್ಟನು. ಕಮ್ನಾಕಿನ ಮನೆಯಲ್ಲಿ ಲಿಲ್ಲಿಯು ಸ್ವಲ್ಪ ಹಣದಲ್ಲಿ ಮಕ್ಕಳನ್ನು ಸಾಕುತ್ತಾ ಒಂಟಿಯಾಗಿ ದಿನ ಕಳೆದಳು. ಲೋಕದ ಬಡವರಿಗಾಗಿ ದುಡಿದವನ ಮನೆಯ ಭಾರವನ್ನು ಹೊತ್ತವಳು ಅವಳೇ. 1900ನೆಯ ಫೆಬ್ರವರಿ 27ರಂದು ಲಂಡನಿನಲ್ಲಿ ಕೂಡಿದ ಸಭೆಯಿಂದ ಲೇಬರ್ ಪಕ್ಷದ ಮೊದಲ ರೂಪವು ಹೊರಟಿತು. ಹನ್ನೆರಡು ವರುಷಗಳ ಹಿಂದೆ ಪತ್ರ ಬರೆದ ಆ ಗುಮಾಸ್ತ ಮ್ಯಾಕ್‌ಡೊನಲ್ಡನೇ ಅದಕ್ಕೆ ಕಾರ್ಯದರ್ಶಿಯಾದನು. ಅದೇ ವರುಷ ವೇಲ್ಸಿನ ಮರ್ಥಿರ್ ಎಂಬ ಗಣಿಯ ಕ್ಷೇತ್ರವು ಹಾರ್ಡಿಯನ್ನು ಆರಿಸಿತು. ಸಾಯುವ ತನಕ ಅವನನ್ನು ಬಿಡಲಿಲ್ಲ. 1906ರಲ್ಲಿ ಈ ಪಕ್ಷದವರು 29 ಮಂದಿ ಗೆದ್ದು ಬಂದಾಗ ಒಂದೇ ವೋಟಿನ ಅಂತರದಿಂದ ಅವನು ಅವರ ನಾಯಕನಾದನು. ನಾಯಕತನವು ಅವನಿಗೆ ಒಗ್ಗಲಿಲ್ಲವೆಂದು ಸ್ನೇಹಿತರೂ ಹೇಳಿದ್ದಾರೆ. ಒಬ್ಬನೇ ನಿಂತು ಹೋರಾಡುವದರಲ್ಲಿ ಅವನು ಗಟ್ಟಿಗನು, ಹತ್ತು ಮಂದಿಯನ್ನು ಹೊಂದಿಸಿಕೊಂಡು ಹೋಗುವದರಲ್ಲಿ ಅಲ್ಲ.

1907ರಲ್ಲಿ ಅವನು ಲೋಕಸಂಚಾರ ಹೊರಟು ನಮ್ಮ ದೇಶಕ್ಕೂ ಬಂದನು. ಬಂಗಾಲವು ಇಬ್ಭಾಗವಾಗಿ ಜನರು ಕುದಿಯುತ್ತಿದ್ದ ಕಾಲವದು. ಅಲ್ಲಿಯ ಹಳ್ಳಿಗಳನ್ನು ನೋಡಿ, ಕೆನಡ ದೇಶಕ್ಕೆ ಇರುವಂಥ ಸ್ವರಾಜ್ಯವು ಇಂಡಿಯಕ್ಕೂ ಬರಬೇಕೆಂಬ ಅಭಿಪ್ರಾಯವನ್ನು ತಿಳಿಸಿದ್ದಕ್ಕೆ ಲಂಡನಿನ ಪತ್ರಿಕೆಗಳು ಅವನನ್ನು ರಾಜದ್ರೋಹಿಯೆಂದು ನಿಂದಿಸಿದವು. ತಾನು ಕಂಡದ್ದನ್ನು ಅವನು 1909ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು.

1914ನೆಯ ಆಗಸ್ಟಿನಲ್ಲಿ ಯೂರೋಪಿನ ಮಹಾಯುದ್ಧವು ಆರಂಭವಾಯಿತು. ಎಲ್ಲಾ ದೇಶಗಳ ಕೂಲಿಗಾರರು ಒಟ್ಟಾಗಿ ಕೆಲಸ ನಿಲ್ಲಿಸಿ ಯುದ್ಧವನ್ನು ತಡೆಯುವರೆಂದು ಅವನು ವರುಷಗಟ್ಟಲೆ ನಂಬಿದ್ದನು. ಯುದ್ಧ ಹೂಡಿದ ಎರಡನೆಯ ದಿನ, ಆಗಸ್ಟ್ 6ರಂದು, ತನ್ನ ಕ್ಷೇತ್ರಕ್ಕೆ ಸೇರಿದ ಅಬರ್‌ಡೇರ್ ಪಟ್ಟಣದಲ್ಲಿ ಯುದ್ಧಕ್ಕೆ ವಿರೋಧವಾಗಿ ಮಾತಾಡಲು ನಿಂತಾಗ, ಹದಿನಾಲ್ಕು ವರುಷ ಅವನನ್ನು ಆರಿಸಿದ ಜನರೇ ರಾಜಗೀತೆಯನ್ನು ಹಾಡಿ, ಕೂಗಿ, ಅವನ ಬಾಯಿ ಮುಚ್ಚಿಸಿದರು. ಆ ರಾತ್ರಿಯ ತರುವಾಯ ಅವನ ದೇಹಸ್ಥಿತಿಯು ಕೆಟ್ಟಿತು. 1915ನೆಯ ಸೆಪ್ಟೆಂಬರ್ 26ರಂದು ಗ್ಲಾಸ್ಗೋವಿನ ಒಂದು ಆಸ್ಪತ್ರೆಯಲ್ಲಿ ಶ್ವಾಸಕೋಶದ ಜ್ವರದಿಂದ ತೀರಿಕೊಂಡನು, ವಯಸ್ಸು 59. ಹುಡುಗನಾಗಿ ರೊಟ್ಟಿ ಹೊತ್ತು ತಿರುಗಿದ ಆ ಪಟ್ಟಣದ ಮೇರಿಹಿಲ್ ಎಂಬಲ್ಲಿ ಅವನ ದೇಹವನ್ನು ದಹಿಸಿದರು. ಲೇಬರ್ ಪಕ್ಷವು ಮೊದಲ ಸಾರಿ ಸರಕಾರವನ್ನು ರಚಿಸಿದ್ದು 1924ನೆಯ ಜನವರಿಯಲ್ಲಿ. ಆಗ ಪ್ರಧಾನಮಂತ್ರಿಯಾದವನು 1888ರಲ್ಲಿ ಲಂಡನಿನಿಂದ ಪತ್ರ ಬರೆದ ರಾಮ್ಸೆ ಮ್ಯಾಕ್‌ಡೊನಲ್ಡನು.